ಕಲ್ಲು ತೆಗೆಯುವ ಕೈ ಪಳಗುವುದೆಲ್ಲಿ?

ಮೂತ್ರಪಿಂಡದ ಕಲ್ಲಿನ ಬಾಧೆಯನ್ನು ಸ್ವತಃ ಅನುಭವಿಸದಿದ್ದರೂ ಬಂಧುಬಳಗದಲ್ಲಿ ಯಾರಾದರೊಬ್ಬರ ನರಳಾಟವನ್ನು ಕಾಣದ ಮನೆ ನಮ್ಮ ಮಹಾನಗರಗಳ ಕನ್ನಡಿಗರಲ್ಲಿ ವಿರಳವೆಂದೇ ಹೇಳಬೇಕು. ಹೋಟೆಲಿನ ಒಲೆಯ ಮುಂದೆ ದಿನದ ಹತ್ತು ಹನ್ನೆರಡು ಗಂಟೆ ನಿಂತು ಬೆವರು ಸುರಿಸುವವರು, ಕಾರ್ಖಾನೆಯ ಕಾವಿನಲ್ಲಿ ದುಡಿಯುವವರು, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಶೌಚದ ಅನುಕೂಲವಿಲ್ಲವೆಂದು ನೀರನ್ನೇ ಕುಡಿಯದೆ ದಿನ ದೂಡುವವರು, ಇವರೆಲ್ಲರ ದೇಹದಲ್ಲಿ ಮೂತ್ರವು ಗಾಢವಾಗುತ್ತದೆ. ಲವಣಗಳು ಹರಳುಗಟ್ಟುತ್ತವೆ. ಹರಳು ಬೆಳೆದು ಕಲ್ಲಾಗುತ್ತದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಗೆ ನಗರವು ಕೊಡುವ ಕಾಣಿಕೆಗಳಲ್ಲಿ ಇದೂ ಒಂದು.

ಇಂದು ಈ ಕಾಯಿಲೆಯ ಚಿಕಿತ್ಸೆ ದೊಡ್ಡ ಉದ್ಯಮವಾಗಿ ಬೆಳೆದಿದೆ. ರೈಲು ನಿಲ್ದಾಣಗಳ ಗೋಡೆಗಳಲ್ಲಿ, ಪತ್ರಿಕೆಗಳ ಪುಟಗಳಲ್ಲಿ, ಮೊಬೈಲಿನ ಪರದೆಯಲ್ಲಿ ಕೊಯ್ಯದೆ, ಹೊಲಿಗೆಯಿಲ್ಲದೆ, ಎರಡೇ ದಿನದಲ್ಲಿ ಕಲ್ಲು ಮಾಯ ಎಂಬ ಜಾಹೀರಾತುಗಳು ಕಣ್ಣಿಗೆ ರಾಚುತ್ತವೆ. ಅವು ಯಂತ್ರದ ಹೆಸರನ್ನು ಹೇಳುತ್ತವೆ, ಲೇಸರಿನ ಶಕ್ತಿಯನ್ನು ವರ್ಣಿಸುತ್ತವೆ, ಕಂತುಗಳ ಸೌಲಭ್ಯವನ್ನು ಸಾರುತ್ತವೆ. ಆದರೆ ಆ ಯಂತ್ರವನ್ನು ಹಿಡಿಯುವ ಕೈ ಯಾರದು, ಅದು ಎಲ್ಲಿ ಪಳಗಿತು, ಎಷ್ಟು ಜನರ ಮೇಲೆ ಪಳಗಿತು ಎಂಬುದನ್ನು ಒಂದು ಜಾಹೀರಾತೂ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ಈ ಮೌನವೇ ನಮ್ಮ ಇಂದಿನ ಚರ್ಚೆಯ ವಿಷಯ.

ದೊಡ್ಡ ಗಾಯದಿಂದ ಸಣ್ಣ ರಂಧ್ರಕ್ಕೆ

ಐವತ್ತು ವರ್ಷಗಳ ಹಿಂದೆ ಮೂತ್ರಪಿಂಡದ ಕಲ್ಲನ್ನು ತೆಗೆಯಬೇಕಾದರೆ ಪಕ್ಕೆಯನ್ನು ಉದ್ದಕ್ಕೆ ಸೀಳುವುದೊಂದೇ ದಾರಿಯಾಗಿತ್ತು. ಸ್ನಾಯುಗಳನ್ನು ಕತ್ತರಿಸಿ, ಕೆಲವೊಮ್ಮೆ ಪಕ್ಕೆಲುಬಿನ ತುಂಡನ್ನೇ ತೆಗೆದು, ಮೂತ್ರಪಿಂಡವನ್ನು ಕೈಗೆ ತಂದುಕೊಂಡು ಕಲ್ಲನ್ನು ಹೊರತೆಗೆಯುತ್ತಿದ್ದರು. ರೋಗಿ ವಾರಗಟ್ಟಲೆ ಹಾಸಿಗೆಯಲ್ಲಿರುತ್ತಿದ್ದ, ತಿಂಗಳುಗಟ್ಟಲೆ ದುಡಿಮೆಯಿಂದ ದೂರವಾಗುತ್ತಿದ್ದ. ಕಲ್ಲು ಮರಳಿ ಬೆಳೆದರೆ ಅದೇ ಗಾಯದ ಮೇಲೆ ಮತ್ತೊಮ್ಮೆ ಕತ್ತಿ.

ಈ ಚಿತ್ರವನ್ನು ಬದಲಿಸಿದವರಲ್ಲಿ ಮೊದಲಿಗರು ಸ್ವೀಡನ್ ದೇಶದ ಫರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್. ಬೆನ್ನಿನ ಚರ್ಮದಿಂದ ಮೂತ್ರಪಿಂಡದವರೆಗೆ ಸಣ್ಣದೊಂದು ಸುರಂಗವನ್ನು ಮಾಡಿ ಅದರ ಮೂಲಕ ಕಲ್ಲನ್ನು ತೆಗೆದ ಬಗೆಯನ್ನು ಅವರು 1976ರಲ್ಲಿ ಪ್ರಕಟಿಸಿದರು. ಇದೇ ಇಂದು ಪಿಸಿಎನ್‌ಎಲ್ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾಗಿರುವ ಶಸ್ತ್ರಕ್ರಿಯೆ. 1980ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ದೇಹದ ಹೊರಗಿನಿಂದಲೇ ಆಘಾತ ತರಂಗಗಳನ್ನು ಹಾಯಿಸಿ ಕಲ್ಲನ್ನು ಪುಡಿಮಾಡುವ ಲಿಥೋಟ್ರಿಪ್ಸಿಯ ಪ್ರಥಮ ಪ್ರಯೋಗ ನಡೆಯಿತು. ಅದೇ ದಶಕದಲ್ಲಿ ಮೂತ್ರದ ಸಹಜ ಮಾರ್ಗದಿಂದಲೇ ತೆಳುವಾದ ದುರ್ಬೀನನ್ನು ಮೇಲಕ್ಕೇರಿಸಿ ಕಲ್ಲನ್ನು ತಲುಪುವ ಯುರೆಟೆರೋಸ್ಕೋಪಿ ಬಳಕೆಗೆ ಬಂದಿತು. 1990ರ ದಶಕದಲ್ಲಿ ಹೋಲ್ಮಿಯಂ ಲೇಸರ್ ಅದಕ್ಕೆ ಜೊತೆಯಾಯಿತು.

ಈ ಮೂರು ದಾರಿಗಳು ಒಂದಕ್ಕೊಂದು ಪ್ರತಿಸ್ಪರ್ಧಿಗಳಲ್ಲ. ಎರಡು ಸೆಂಟಿಮೀಟರಿಗಿಂತ ದೊಡ್ಡದಾದ ಕಲ್ಲಿಗೆ, ಜಿಂಕೆಯ ಕೊಂಬಿನಂತೆ ಕವಲೊಡೆದು ಮೂತ್ರಪಿಂಡವನ್ನೆಲ್ಲ ತುಂಬಿಕೊಂಡ ಕಲ್ಲಿಗೆ ಪಿಸಿಎನ್‌ಎಲ್ ಇಂದಿಗೂ ಮೊದಲ ಆಯ್ಕೆ. ಸಣ್ಣ ಕಲ್ಲುಗಳಿಗೆ ಉಳಿದೆರಡು. ರೋಗಿಯ ಪಾಲಿಗೆ ಗಾಯ ಚಿಕ್ಕದಾಯಿತು, ನೋವು ಕಡಿಮೆಯಾಯಿತು, ಆಸ್ಪತ್ರೆವಾಸ ವಾರಗಳಿಂದ ದಿನಗಳಿಗೆ ಇಳಿಯಿತು. ಆದರೆ ವೈದ್ಯನ ಪಾಲಿಗೆ ಕೆಲಸ ಸುಲಭವಾಗಲಿಲ್ಲ. ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಮಾಡುತ್ತಿದ್ದುದನ್ನು ಈಗ ಪರದೆಯ ಮೇಲಿನ ನೆರಳನ್ನು ನೋಡುತ್ತ ಮಾಡಬೇಕಾಗಿದೆ. ಗಾಯ ಕಿರಿದಾದಷ್ಟೂ ಕೌಶಲದ ಹೊರೆ ಹಿರಿದಾಗುತ್ತದೆ ಎಂಬುದು ಈ ಚಿಕಿತ್ಸೆಯ ಒಳಮರ್ಮ.

ಸೂಜಿ ಹೋಗುವ ದಾರಿ

ಆ ಹೊರೆ ಎಂಥದೆಂಬುದನ್ನು ಅರಿಯಲು ಪಿಸಿಎನ್‌ಎಲ್‌ನ ಮೊದಲ ಹತ್ತು ನಿಮಿಷಗಳನ್ನು ಗಮನಿಸಿದರೆ ಸಾಕು. ಸಾಮಾನ್ಯವಾಗಿ ರೋಗಿಯನ್ನು ಬೋರಲಾಗಿ ಮಲಗಿಸುತ್ತಾರೆ. ಕೆಳಗಿನಿಂದ ಮೂತ್ರನಾಳದೊಳಗೆ ಸೇರಿಸಿದ ಸಣ್ಣ ನಳಿಕೆಯ ಮೂಲಕ ಎಕ್ಸ್-ರೇಯಲ್ಲಿ ಕಾಣುವ ದ್ರವವನ್ನು ಹಾಯಿಸುತ್ತಾರೆ. ಆಗ ಮೂತ್ರಪಿಂಡದ ಒಳಗಿನ ಬಟ್ಟಲುಗಳು ಪರದೆಯ ಮೇಲೆ ಹೂವಿನ ಎಸಳುಗಳಂತೆ ಮೂಡುತ್ತವೆ. ಆ ಎಸಳುಗಳಲ್ಲೊಂದನ್ನು ಆರಿಸಿ, ಬೆನ್ನಿನ ಚರ್ಮದಿಂದ ಉದ್ದನೆಯ ಸೂಜಿಯನ್ನು ಅದರ ತುದಿಗೇ ತಾಗುವಂತೆ ಚುಚ್ಚಬೇಕು. ಪರದೆಯ ಚಿತ್ರಕ್ಕೆ ಉದ್ದ ಅಗಲಗಳುಂಟು, ಆಳವಿಲ್ಲ. ಎಕ್ಸ್-ರೇ ಯಂತ್ರದ ತೋಳನ್ನು ಓರೆಯಾಗಿಸಿ ಎರಡು ಕೋನಗಳಿಂದ ನೋಡಿ, ಆ ಎರಡು ನೆರಳುಗಳಿಂದ ಮೂರನೆಯ ಆಯಾಮವನ್ನು ವೈದ್ಯನು ತನ್ನ ಮನಸ್ಸಿನಲ್ಲಿಯೇ ಕಟ್ಟಿಕೊಳ್ಳಬೇಕು. ರೋಗಿ ಉಸಿರಾಡಿದಂತೆ ಮೂತ್ರಪಿಂಡ ಮೇಲೆ ಕೆಳಗೆ ಸರಿಯುತ್ತದೆ. ಗುರಿಯೇ ಚಲಿಸುವಾಗ ಬಾಣ ಬಿಡುವ ಕೆಲಸವಿದು.

ಎಲ್ಲಿ ಚುಚ್ಚಬೇಕು ಎಂಬುದಕ್ಕೂ ನಿಯಮವಿದೆ. ಹೃದಯವು ಹೊರಹಾಕುವ ರಕ್ತದ ಸುಮಾರು ಐದನೆಯ ಒಂದು ಪಾಲು ಎರಡು ಮೂತ್ರಪಿಂಡಗಳ ಮೂಲಕ ಹಾದುಹೋಗುತ್ತದೆ. ದಾರಿ ತಪ್ಪಿದ ಸೂಜಿ ದೊಡ್ಡ ರಕ್ತನಾಳಕ್ಕೆ ತಗುಲಿದರೆ ಅನಾಹುತ ನಿಶ್ಚಿತ. ಮೂತ್ರಪಿಂಡದ ಮುಂದಿನ ಮತ್ತು ಹಿಂದಿನ ರಕ್ತನಾಳಗಳ ಕವಲುಗಳ ನಡುವೆ ರಕ್ತಸ್ರಾವದ ಭಯ ಕಡಿಮೆಯಿರುವ ಒಂದು ಗಡಿರೇಖೆ ಇದೆಯೆಂದು 20ನೆಯ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟವರು ಮ್ಯಾಕ್ಸ್ ಬ್ರೋಡೆಲ್. ಅವರು ಶಸ್ತ್ರವೈದ್ಯರಲ್ಲ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ವೈದ್ಯಕೀಯ ಚಿತ್ರಗಳನ್ನು ಬರೆಯುತ್ತಿದ್ದ ಚಿತ್ರಕಾರ. ಇಂದಿಗೂ ಆ ರೇಖೆ ಅವರ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಬಟ್ಟಲಿನ ತುದಿಯಿಂದ ನೇರವಾಗಿ ಒಳಹೊಕ್ಕರೆ ಕ್ಷೇಮ, ಅದರ ಕತ್ತಿನ ಬದಿಯಿಂದ ಹೊಕ್ಕರೆ ಅಪಾಯ ಎಂಬುದು ಕಲಿಯುವವನು ಮೊದಲು ಕಂಠಪಾಠ ಮಾಡುವ ಪಾಠ.

ಸೂಜಿ ಸರಿಯಾದ ಜಾಗವನ್ನು ಸೇರಿದಾಗ ಅದರ ಒಳಕಡ್ಡಿಯನ್ನು ತೆಗೆದೊಡನೆ ಒಂದು ಹನಿ ಮೂತ್ರ ಹೊರಬರುತ್ತದೆ. ಆ ಒಂದು ಹನಿಗಾಗಿ ಕಾಯುವ ಕ್ಷಣವೇ ಇಡೀ ಶಸ್ತ್ರಕ್ರಿಯೆಯ ಕೀಲಕ. ನಂತರ ಸೂಜಿಯ ಮೂಲಕ ತಂತಿಯೊಂದನ್ನು ಇಳಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳನ್ನು ಸರಿಸಿ ದಾರಿಯನ್ನು ಸುಮಾರು ಎಂಟರಿಂದ ಹತ್ತು ಮಿಲಿಮೀಟರಿನವರೆಗೆ ಹಿಗ್ಗಿಸುತ್ತಾರೆ. ಕೊಳವೆ ಒಂದಿಷ್ಟು ಹಿಂದುಳಿದರೆ ದಾರಿಯೇ ಕೈತಪ್ಪುತ್ತದೆ, ಒಂದಿಷ್ಟು ಮುಂದೆ ಹೋದರೆ ಎದುರಿನ ಗೋಡೆ ಹರಿಯುತ್ತದೆ. ದುರ್ಬೀನು ಒಳಗೆ ಹೋಗಿ ಕಲ್ಲನ್ನು ಒಡೆಯುವ ಕೆಲಸ ನೋಡುವವರಿಗೆ ರೋಚಕ. ಆದರೆ ಪಳಗಿದ ವೈದ್ಯರನ್ನು ಕೇಳಿದರೆ ಕಷ್ಟವೆಲ್ಲ ಅದಕ್ಕೂ ಮುಂಚಿನದು ಎಂದೇ ಹೇಳುತ್ತಾರೆ.

ಎಷ್ಟು ಮಾಡಿದರೆ ಕೈ ಪಳಗೀತು?

ಹಾಡಿ ಹಾಡಿ ರಾಗ ಎಂಬ ನಮ್ಮ ಗಾದೆಗೆ ವೈದ್ಯವಿಜ್ಞಾನವೂ ಅಂಕಿಗಳನ್ನು ಜೋಡಿಸಿದೆ. ಹೊಸದಾಗಿ ಪಿಸಿಎನ್‌ಎಲ್ ಕಲಿಯುವ ಶಸ್ತ್ರವೈದ್ಯರ ಶಸ್ತ್ರಕ್ರಿಯೆಯ ಅವಧಿ, ಎಕ್ಸ್-ರೇ ಬಳಸಿದ ಕಾಲ, ತೊಡಕುಗಳು ಇವನ್ನೆಲ್ಲ ಒಂದೊಂದಾಗಿ ದಾಖಲಿಸಿದ ಅಧ್ಯಯನಗಳು 2000ದ ದಶಕದಲ್ಲಿ ಪ್ರಕಟವಾದವು. ಅವುಗಳ ಒಟ್ಟು ಸಾರ ಇಷ್ಟು: ಸುಮಾರು 60 ಶಸ್ತ್ರಕ್ರಿಯೆಗಳ ಹೊತ್ತಿಗೆ ವೈದ್ಯನು ಸಮರ್ಥನಾಗುತ್ತಾನೆ, 100ನ್ನು ದಾಟಿದ ಮೇಲೆ ನಿಪುಣನಾಗುತ್ತಾನೆ. ಇದನ್ನು ಕಲಿಕೆಯ ಏರುದಾರಿ ಎನ್ನಬಹುದು. ಮೊದಲು ಕಡಿದಾದ ಏರು, ಆಮೇಲೆ ಸಮತಟ್ಟು.

ಈ ಅಂಕಿಗಳನ್ನು ರೋಗಿಯ ಕಡೆಯಿಂದ ಓದಿದರೆ ಬೇರೆಯದೇ ಅರ್ಥ ಹೊಳೆಯುತ್ತದೆ. ಪ್ರತಿಯೊಬ್ಬ ನಿಪುಣ ಶಸ್ತ್ರವೈದ್ಯನ ಹಿಂದೆ ಅವನು ಇನ್ನೂ ನಿಪುಣನಾಗಿರದಿದ್ದಾಗ ಅವನ ಕೈಗೆ ದೇಹವನ್ನೊಪ್ಪಿಸಿದ ನೂರು ಜನರಿದ್ದಾರೆ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ.

ನಿಪುಣರ ಕೈಯಲ್ಲಿಯೂ ಇದು ನಿರಪಾಯವಲ್ಲವೆಂಬುದನ್ನು ನೆನಪಿಡಬೇಕು. 2007ರಿಂದ 2009ರವರೆಗೆ ಜಗತ್ತಿನ 96 ಕೇಂದ್ರಗಳಲ್ಲಿ ಪಿಸಿಎನ್‌ಎಲ್‌ಗೆ ಒಳಗಾದ 5,803 ರೋಗಿಗಳ ವಿವರಗಳನ್ನು ಕಲೆಹಾಕಿದ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ನಾಲ್ವರಲ್ಲಿ ಮೂವರು ಮಾತ್ರ ಸಂಪೂರ್ಣವಾಗಿ ಕಲ್ಲಿನಿಂದ ಮುಕ್ತರಾಗಿದ್ದರು. ಐವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ತೊಡಕು ಕಾಣಿಸಿತ್ತು. ನೂರಕ್ಕೆ ಹತ್ತು ಜನರಿಗೆ ಜ್ವರ, ಸುಮಾರು ಆರು ಜನರಿಗೆ ರಕ್ತ ಕೊಡಬೇಕಾದ ಸ್ಥಿತಿ. ತೊಡಕುಗಳಲ್ಲಿ ಹೆಚ್ಚಿನವು ಸಣ್ಣಪುಟ್ಟವೇ ಎಂಬುದು ಸಮಾಧಾನದ ಮಾತು. ಅದೇ ಅಧ್ಯಯನದ ಮಾಹಿತಿಯನ್ನು ಇನ್ನಷ್ಟು ಶೋಧಿಸಿದಾಗ, ವರ್ಷಕ್ಕೆ ಹೆಚ್ಚು ಸಂಖ್ಯೆಯಲ್ಲಿ ಶಸ್ತ್ರಕ್ರಿಯೆ ನಡೆಸುವ ಕೇಂದ್ರಗಳಲ್ಲಿ ಫಲಿತಾಂಶ ಮೇಲು, ತೊಡಕು ಕಡಿಮೆ ಎಂಬುದು ಸ್ಪಷ್ಟವಾಯಿತು. ಅಂದರೆ ಅಭ್ಯಾಸವೆಂಬುದು ಒಬ್ಬ ವ್ಯಕ್ತಿಯ ಗುಣವಷ್ಟೇ ಅಲ್ಲ, ಸಂಸ್ಥೆಯ ಗುಣವೂ ಹೌದು. ಅರಿವಳಿಕೆ ನೀಡುವವರು, ದಾದಿಯರು, ಎಕ್ಸ್-ರೇ ತಂತ್ರಜ್ಞರು ಎಲ್ಲರೂ ಜೊತೆಯಾಗಿ ಪಳಗಬೇಕು.

ಕಲಿಕೆಯ ಬೆಲೆಯನ್ನು ತೆರುವವರು ಯಾರು?

ನಮ್ಮ ದೇಶದಲ್ಲಿ ಮೂತ್ರಾಂಗ ಶಸ್ತ್ರತಜ್ಞನಾಗಲು ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಎಸ್‌ಗೆ ಮೂರು ವರ್ಷ, ಎಂಸಿಎಚ್‌ಗೆ ಮತ್ತೆ ಮೂರು ವರ್ಷ ಬೇಕು. ಹನ್ನೊಂದೂವರೆ ವರ್ಷಗಳ ಈ ವ್ಯಾಸಂಗದಲ್ಲಿ ಕಲ್ಲಿನ ಶಸ್ತ್ರಕ್ರಿಯೆಯನ್ನು ಕೈಯಾರೆ ಕಲಿಯುವುದು ಕೊನೆಯ ಮೂರು ವರ್ಷಗಳಲ್ಲಿ. ಅಮೆರಿಕದಲ್ಲಿ ಮೊದಲ ಸೂಜಿಯನ್ನು ಚುಚ್ಚುವ ಕೆಲಸವನ್ನು ಅನೇಕ ಕಡೆ ಕ್ಷಕಿರಣ ತಜ್ಞರಿಗೆ ಬಿಡುವ ರೂಢಿಯಿದೆ. ಭಾರತದಲ್ಲಿ ಮೂತ್ರಾಂಗ ತಜ್ಞರೇ ಅದನ್ನು ಮಾಡುವುದು ವಾಡಿಕೆ. ಕಲ್ಲಿನ ರೋಗಿಗಳು ಹೇರಳವಾಗಿರುವ ನಮ್ಮಲ್ಲಿ ಅಭ್ಯಾಸಕ್ಕೆ ಅವಕಾಶವೂ ಹೇರಳ. ಗುಜರಾತಿನ ನಡಿಯಾದ್ ಎಂಬ ಸಣ್ಣ ಊರಿನ ಮೂಲಜೀಭಾಯಿ ಪಟೇಲ್ ಮೂತ್ರಾಂಗ ಆಸ್ಪತ್ರೆ ಈ ವಿದ್ಯೆಯಲ್ಲಿ ಜಗತ್ತಿನ ಗಮನ ಸೆಳೆದುದು ಇದೇ ಕಾರಣದಿಂದ. ಅಲ್ಲಿಯ ಡಾ. ಮಹೇಶ್ ದೇಸಾಯಿ ಮತ್ತು ಸಂಗಡಿಗರು ಎರಡು ಮಿಲಿಮೀಟರಿಗಿಂತಲೂ ತೆಳ್ಳಗಿನ, ತನ್ನ ತುದಿಯಲ್ಲಿಯೇ ಕಣ್ಣಿರುವ ಸೂಜಿಯಿಂದ ಕಲ್ಲನ್ನು ಪುಡಿಮಾಡಿದ ಮೈಕ್ರೋಪರ್ಕ್ ಎಂಬ ವಿಧಾನದ ಮೊದಲ ಅನುಭವಗಳನ್ನು ಜರ್ಮನಿಯ ವೈದ್ಯರೊಡಗೂಡಿ 2011ರಲ್ಲಿ ಪ್ರಕಟಿಸಿದರು.

ಆದರೆ ಅವಕಾಶ ಎಲ್ಲೆಡೆಯೂ ಸಮನಾಗಿ ಹಂಚಿಕೆಯಾಗಿಲ್ಲ. ಕಲಿಕೆ ಬಹುಮಟ್ಟಿಗೆ ನಡೆಯುವುದು ಸರ್ಕಾರಿ ಮತ್ತು ನಗರಪಾಲಿಕೆಗಳ ಬೋಧನಾ ಆಸ್ಪತ್ರೆಗಳಲ್ಲಿ. ಮುಂಬಯಿಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳು, ಬೆಂಗಳೂರಿನ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ಮುಂತಾದವು ಇದಕ್ಕೆ ನಿದರ್ಶನ. ಅಲ್ಲಿಗೆ ಬರುವವರು ಬಹುಪಾಲು ಬಡವರು, ವಲಸೆ ಬಂದ ಕಾರ್ಮಿಕರು. ಉಳ್ಳವರು ಖಾಸಗಿ ಆಸ್ಪತ್ರೆಯಲ್ಲಿ ಪಳಗಿದ ಕೈಯನ್ನು ಹಣಕೊಟ್ಟು ಪಡೆಯುತ್ತಾರೆ. ಆ ಕೈ ಪಳಗಿದ್ದು ಎಲ್ಲಿ ಎಂದು ಕೇಳಿದರೆ ಉತ್ತರ ಮತ್ತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನತ್ತಲೇ ಬೆರಳು ತೋರಿಸುತ್ತದೆ. ಬಡವನ ದೇಹದ ಮೇಲೆ ಕಲಿತ ವಿದ್ಯೆ ಸಿರಿವಂತನ ಸೇವೆಗೆ ಸಲ್ಲುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ಹಾಗೆಂದು ಬೋಧನಾ ಆಸ್ಪತ್ರೆಯೆಂದರೆ ಅಂಜಬೇಕು ಎಂಬ ತೀರ್ಮಾನಕ್ಕೆ ಬಂದರೆ ಅದು ತಪ್ಪಾದೀತು. ಒಳ್ಳೆಯ ಬೋಧನಾ ಆಸ್ಪತ್ರೆಯಲ್ಲಿ ಕಲಿಯುವವನ ಮೊಣಕೈಯ ಬಳಿಯಲ್ಲೇ ಗುರು ನಿಂತಿರುತ್ತಾನೆ. ಮೊದಲು ನೋಡುವುದು, ನಂತರ ನೆರವಾಗುವುದು, ಆಮೇಲೆ ಕಲ್ಲನ್ನು ಒಡೆಯುವ ಭಾಗವನ್ನಷ್ಟೇ ಮಾಡುವುದು, ಕೊನೆಗೆ ಸೂಜಿಯನ್ನು ಚುಚ್ಚುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೊಣೆ ಕೈಬದಲಾಗುತ್ತದೆ. ಯಾವ ಕಲ್ಲನ್ನು ಯಾರಿಗೆ ಒಪ್ಪಿಸಬೇಕು ಎಂಬುದಕ್ಕೂ ಅಳತೆಗೋಲುಗಳಿವೆ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯರು 2011ರಲ್ಲಿ ರೂಪಿಸಿದ ಕೋಷ್ಟಕ ಕಲ್ಲುಗಳನ್ನು ಅವುಗಳ ಜಟಿಲತೆಗನುಸಾರವಾಗಿ ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತದೆ. ಒಂದನೆಯ ದರ್ಜೆಯ ಒಂಟಿ ಕಲ್ಲು ಕಲಿಯುವವನಿಗೆ, ನಾಲ್ಕನೆಯ ದರ್ಜೆಯ ಕೊಂಬುಗಲ್ಲು ಗುರುವಿಗೆ. ಎಡವಿದಾಗ ಕೈಹಿಡಿಯುವವರಿರುವ ಕಡೆ ಕಲಿಕೆಯ ಅಪಾಯ ಹತೋಟಿಯಲ್ಲಿರುತ್ತದೆ.

ನಿಜವಾಗಿ ಚಿಂತಿಸಬೇಕಾದುದು ಬೇರೆಡೆ. ಪದವಿ ಮುಗಿಸಿ ಸ್ವತಂತ್ರ ವೃತ್ತಿಗಿಳಿದ ವೈದ್ಯನೊಬ್ಬ ಎರಡು ದಿನಗಳ ಕಾರ್ಯಾಗಾರದಲ್ಲಿ ಹೊಸ ವಿಧಾನವೊಂದನ್ನು ನೋಡಿ ಬಂದು, ಉಪಕರಣದ ಕಂಪೆನಿಯ ಪ್ರತಿನಿಧಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸಣ್ಣ ಆಸ್ಪತ್ರೆಯಲ್ಲಿ ಒಂಟಿಯಾಗಿ ಮೊದಲ ಹತ್ತು ಶಸ್ತ್ರಕ್ರಿಯೆಗಳನ್ನು ನಡೆಸುವಾಗ ಅಲ್ಲಿ ಗುರುವಿಲ್ಲ, ಲೆಕ್ಕವಿಡುವವರಿಲ್ಲ. ರಕ್ತಸ್ರಾವ ನಿಲ್ಲದಿದ್ದರೆ ರಕ್ತನಾಳವನ್ನು ಒಳಗಿನಿಂದಲೇ ಮುಚ್ಚುವ ಎಂಬೊಲೈಸೇಶನ್ ಸೌಲಭ್ಯ ಅನೇಕ ಸಣ್ಣ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಇದರ ಅಗತ್ಯ ಬೀಳುವುದು ಸುಮಾರು ನೂರಕ್ಕೆ ಒಬ್ಬರಲ್ಲಿ. ಆದರೆ ಆ ಒಬ್ಬರಿಗೆ ಅದು ಜೀವದ ಪ್ರಶ್ನೆ. ಕಲಿಯುವವನು ಬಡವನ ವಾರ್ಡಿನಲ್ಲಿ ಮಾತ್ರ ಇದ್ದಾನೆಂದು ಭಾವಿಸಿ ನಿಶ್ಚಿಂತನಾದ ಮಧ್ಯಮವರ್ಗದ ರೋಗಿ ತಾನೇ ಅವನ ಅಭ್ಯಾಸಕ್ಕೆ ಒದಗುತ್ತಿರುವುದನ್ನು ಅರಿಯುವುದೇ ಇಲ್ಲ.

ಸುಶ್ರುತನ ತರಕಾರಿಯಿಂದ ಇಂದಿನ ಸಿಮ್ಯುಲೇಟರಿನವರೆಗೆ

ರೋಗಿಯ ದೇಹವನ್ನು ಮುಟ್ಟುವ ಮೊದಲೇ ಕೈಯನ್ನು ಪಳಗಿಸುವ ದಾರಿಯಿಲ್ಲವೇ? ಇದೆ, ಮತ್ತು ಅದು ಈ ನೆಲದಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಾಸಕ್ಕೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಕೊಯ್ಯುವುದನ್ನು ಸೋರೆ, ಕಲ್ಲಂಗಡಿ, ಸೌತೆಕಾಯಿಗಳ ಮೇಲೆ ಕಲಿಯಬೇಕು, ಚುಚ್ಚುವುದನ್ನು ತಾವರೆಯ ದಂಟಿನ ಮೇಲೆ, ಹೊರಗೆಳೆಯುವುದನ್ನು ಹಲಸು, ಬಿಲ್ವ ಮೊದಲಾದ ಹಣ್ಣುಗಳ ತಿರುಳಿನಿಂದ, ಹೊಲಿಯುವುದನ್ನು ಬಟ್ಟೆಯ ಮೇಲೆ ಎಂದು ಅಲ್ಲಿ ವಿಧಿಸಲಾಗಿದೆ. ಎಷ್ಟೇ ಶಾಸ್ತ್ರ ಓದಿದವನಾದರೂ ಈ ಅಭ್ಯಾಸವಿಲ್ಲದಿದ್ದರೆ ಕೆಲಸಕ್ಕೆ ಅನರ್ಹ ಎಂಬುದು ಅಲ್ಲಿಯ ಅಭಿಪ್ರಾಯ. ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವನ್ನು ವಿವರಿಸಿದ ಗ್ರಂಥವೂ ಅದೇ. ಗ್ರೀಸ್ ದೇಶದ ಹಿಪೊಕ್ರಾಟಿಸನ ಹೆಸರಿನ ಪ್ರತಿಜ್ಞೆಯಲ್ಲಿಯಾದರೋ, ಕಲ್ಲಿನ ರೋಗಿಯನ್ನು ತಾನು ಕೊಯ್ಯದೆ ಆ ಕಸುಬಿನವರಿಗೇ ಬಿಡುವೆನೆಂಬ ಮಾತು ಬರುತ್ತದೆ. ಬಲ್ಲವರ ಕೈಗೇ ಈ ಕೆಲಸ ಸಲ್ಲಬೇಕು ಎಂಬ ಎಚ್ಚರ ಎರಡೂ ಪರಂಪರೆಗಳಲ್ಲಿತ್ತು.

ಆ ಹಳೆಯ ಪಾಠಕ್ಕೆ ಇತ್ತೀಚಿನ ಉದಾಹರಣೆಯೊಂದು ನಮ್ಮ ಬೆಂಗಳೂರಿನಿಂದಲೇ ಸಿಗುತ್ತದೆ. ಪಿಸಿಎನ್‌ಎಲ್‌ನ ಸೂಜಿ ಚುಚ್ಚುವುದನ್ನು ಕಲಿಸಲು ತರಕಾರಿಯನ್ನು ಬಳಸಿ ರೂಪಿಸಿದ ಅಗ್ಗದ ಮಾದರಿಯೊಂದನ್ನು ಅಲ್ಲಿಯ ಮೂತ್ರಾಂಗ ತಜ್ಞರು 2015ರಲ್ಲಿ ಭಾರತೀಯ ಮೂತ್ರಾಂಗ ತಜ್ಞರ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಾರುಕಟ್ಟೆಯಿಂದ ತಂದ ತರಕಾರಿ ಸಾಲದ ಕಡೆ ಇತರ ಮಾದರಿಗಳುಂಟು. ಹಂದಿಯ ಮೂತ್ರಪಿಂಡವನ್ನು ಕೋಳಿಯ ದೇಹದೊಳಗೆ ಇರಿಸಿ ಮನುಷ್ಯನ ಬೆನ್ನಿನ ಪದರಗಳನ್ನು ಹೋಲುವಂತೆ ಮಾಡುತ್ತಾರೆ. ಪರ್ಕ್ ಮೆಂಟರ್‌ನಂಥ ಗಣಕಯಂತ್ರಗಳಲ್ಲಿ ಕೃತಕ ಬೆನ್ನಿಗೆ ಸೂಜಿ ಚುಚ್ಚಿದರೆ ಪರದೆಯ ಮೇಲೆ ಎಕ್ಸ್-ರೇ ಚಿತ್ರ ಮೂಡುತ್ತದೆ, ಉಸಿರಾಟದೊಡನೆ ಗುರಿ ಸರಿಯುತ್ತದೆ, ರಕ್ತನಾಳಕ್ಕೆ ತಗುಲಿದರೆ ಯಂತ್ರ ಲೆಕ್ಕವಿಡುತ್ತದೆ. ನಡಿಯಾದಿನ ವೈದ್ಯರು ಜೀವಂತ ಹಂದಿಯ ಮಾದರಿಯನ್ನೂ ಗಣಕಯಂತ್ರದ ಮಾದರಿಯನ್ನೂ ಹೋಲಿಸಿ ನೋಡಿ 2010ರಲ್ಲಿ ವರದಿ ಮಾಡಿದ್ದರು. ನೈಜತೆಯಲ್ಲಿ ಪ್ರಾಣಿ ಮಾದರಿ ಮುಂದು, ಮತ್ತೆ ಮತ್ತೆ ಅಭ್ಯಾಸ ಮಾಡುವ ಅನುಕೂಲದಲ್ಲಿ ಯಂತ್ರ ಮುಂದು.

ಇಂಥ ಅಭ್ಯಾಸದಿಂದ ರೋಗಿಗೆ ನಿಜವಾಗಿ ಪ್ರಯೋಜನವಾಗುತ್ತದೆಯೇ ಎಂಬ ಪ್ರಶ್ನೆ ಬಹುಕಾಲ ತೆರೆದೇ ಇತ್ತು. ಸಿಮ್ಯುಲೇಟ್ ಎಂಬ ಹೆಸರಿನ ಅಂತಾರಾಷ್ಟ್ರೀಯ ಪರೀಕ್ಷೆಯೊಂದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಯುರೆಟೆರೋಸ್ಕೋಪಿ ಕಲಿಯುತ್ತಿದ್ದ ಕಿರಿಯ ವೈದ್ಯರನ್ನು ಎರಡು ಗುಂಪುಗಳಾಗಿ ಮಾಡಿ, ಒಂದಕ್ಕೆ ಮಾದರಿಗಳ ಮೇಲೆ ಅಭ್ಯಾಸ, ಇನ್ನೊಂದಕ್ಕೆ ಎಂದಿನ ತರಬೇತಿ ನೀಡಲಾಯಿತು. ನಂತರ ಅವರು ನಡೆಸಿದ ಸಾವಿರಕ್ಕೂ ಮಿಕ್ಕಿದ ಶಸ್ತ್ರಕ್ರಿಯೆಗಳನ್ನು ಅಳೆದಾಗ ಮಾದರಿಗಳ ಮೇಲೆ ಪಳಗಿದವರ ಕೌಶಲದ ಅಂಕ ಮೇಲಿತ್ತು, ಅವರ ಕೈಯಲ್ಲಿ ಮೂತ್ರನಾಳಕ್ಕೆ ಆದ ಗಾಯಗಳು ಕಡಿಮೆಯಿದ್ದವು. ಅಭ್ಯಾಸದ ಕೊಠಡಿ ಇನ್ನು ಮುಂದೆ ಶೋಭೆಯ ವಸ್ತುವಲ್ಲ, ರೋಗಿಯ ರಕ್ಷಣೆಯ ಸಾಧನ ಎಂದು ಹೇಳಲು ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಹೊಸ ಯಂತ್ರ, ಮತ್ತೆ ಓನಾಮ

ಈ ವಿದ್ಯೆಯಲ್ಲಿ ಕಲಿಕೆ ಒಮ್ಮೆ ಮುಗಿದು ನಿಲ್ಲುವಂಥದಲ್ಲ. ಬೋರಲಾಗಿ ಮಲಗಿಸಿ ಮಾಡುವುದನ್ನು ಕಲಿತವನು ಅಂಗಾತ ಮಲಗಿಸಿ ಮಾಡುವಾಗ ಕೋನಗಳನ್ನೆಲ್ಲ ಹೊಸದಾಗಿ ಕಲಿಯಬೇಕು. ಎಕ್ಸ್-ರೇ ಬಿಟ್ಟು ಅಲ್ಟ್ರಾಸೌಂಡ್ ನೆರವಿನಿಂದ ಚುಚ್ಚಿದರೆ ವೈದ್ಯನಿಗೂ ರೋಗಿಗೂ ವಿಕಿರಣದ ಹಾನಿ ತಪ್ಪುತ್ತದೆ, ಆದರೆ ಕಣ್ಣು ಬೇರೊಂದು ಭಾಷೆಯನ್ನು ಓದಲು ಕಲಿಯಬೇಕಾಗುತ್ತದೆ. ಮೂರು ಮಿಲಿಮೀಟರಿನಷ್ಟು ತೆಳ್ಳಗಿದ್ದು ಹಾವಿನಂತೆ ಬಾಗುವ ದುರ್ಬೀನನ್ನು ಹೆಬ್ಬೆರಳು ಮತ್ತು ಮಣಿಕಟ್ಟಿನ ಚಲನೆಯಿಂದ ನಡೆಸುವುದು ಮತ್ತೊಂದೇ ವಿದ್ಯೆ. ಅಲ್ಲಿ ನೀರಿನ ಒತ್ತಡ ಹೆಚ್ಚಾದರೆ ಸೋಂಕು ರಕ್ತಕ್ಕೇರುತ್ತದೆ, ಲೇಸರನ್ನು ಅಳತೆ ಮೀರಿ ಬಳಸಿದರೆ ಒಳಗಿನ ನೀರೇ ಕಾಯುತ್ತದೆ. ಥೂಲಿಯಂ ಲೇಸರ್, ಒಮ್ಮೆ ಬಳಸಿ ಎಸೆಯುವ ದುರ್ಬೀನುಗಳು, ಪುಡಿಯನ್ನು ಹೀರಿಕೊಳ್ಳುವ ಕೊಳವೆಗಳು ಕಳೆದೊಂದು ದಶಕದಲ್ಲಿ ಒಂದರ ಹಿಂದೊಂದು ಬಂದಿವೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೂತ್ರಪಿಂಡದ ಕಲ್ಲಿಗಾಗಿ ರೋಬಾಟ್ ವ್ಯವಸ್ಥೆಯೊಂದಕ್ಕೂ ಅನುಮತಿ ನೀಡಿತು.

ಪ್ರತಿಯೊಂದು ಹೊಸ ಉಪಕರಣದೊಡನೆ ಏರುದಾರಿ ಮತ್ತೆ ಬುಡದಿಂದ ಆರಂಭವಾಗುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ. ಆಘಾತ ತರಂಗದ ಯಂತ್ರ ಬಂದ ಹೊಸದರಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಪಿಸಿಎನ್‌ಎಲ್ ಹಿಂದೆ ಸರಿಯಿತು. ದೊಡ್ಡ ಕಲ್ಲುಗಳಿಗೆ ಅದರ ಅಗತ್ಯ ಮತ್ತೆ ಮನವರಿಕೆಯಾಗುವ ಹೊತ್ತಿಗೆ ಸೂಜಿ ಹಿಡಿಯಬಲ್ಲ ಕೈಗಳು ಕಡಿಮೆಯಾಗಿದ್ದವು. ಇಂದು ಬಾಗುವ ದುರ್ಬೀನಿನ ಜನಪ್ರಿಯತೆಯಿಂದ ಅದೇ ಕಥೆ ನಮ್ಮಲ್ಲಿ ಮರುಕಳಿಸಬಾರದು. ಪಿಸಿಎನ್‌ಎಲ್ ಕೈಗೂಡದ ವೈದ್ಯ ದೊಡ್ಡ ಕಲ್ಲಿಗೂ ದುರ್ಬೀನನ್ನೇ ಹಿಡಿದು ಎರಡು ಮೂರು ಬಾರಿ ಶಸ್ತ್ರಕ್ರಿಯೆ ನಡೆಸುವಾಗ ರೋಗಿಗೆ ಸಿಗುವುದು ತನ್ನ ಕಲ್ಲಿಗೆ ತಕ್ಕ ಚಿಕಿತ್ಸೆಯಲ್ಲ, ವೈದ್ಯನ ಕೌಶಲಕ್ಕೆ ತಕ್ಕ ಚಿಕಿತ್ಸೆ.

ಲೆಕ್ಕಕ್ಕೆ ಸಿಗದ ಖರ್ಚು

2018ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಜಾರಿಗೆ ಬಂದ ಮೇಲೆ ಬಡ ಕುಟುಂಬಗಳಿಗೂ ಕಲ್ಲಿನ ಶಸ್ತ್ರಕ್ರಿಯೆ ಕೈಗೆಟಕುವಂತಾದುದು ಸ್ವಾಗತಾರ್ಹ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿಬಾ ಫುಲೆ ಜನಾರೋಗ್ಯ ಯೋಜನೆಯೂ ಇದೇ ದಾರಿಯಲ್ಲಿದೆ. ಆದರೆ ಇಂಥ ಯೋಜನೆಗಳು ಹಣ ಕೊಡುವುದು ಶಸ್ತ್ರಕ್ರಿಯೆಗೆ, ಕಲಿಸುವುದಕ್ಕಲ್ಲ. ಕಿರಿಯ ವೈದ್ಯನಿಗೆ ಸೂಜಿಯನ್ನೊಪ್ಪಿಸಿ ತಾಳ್ಮೆಯಿಂದ ನಿಂತ ಗುರು ದಿನಕ್ಕೆ ಐದರ ಬದಲು ಮೂರು ಶಸ್ತ್ರಕ್ರಿಯೆ ಮುಗಿಸುತ್ತಾನೆ. ಹೊಸಬರ ಕೈಯಲ್ಲಿ ದುರ್ಬೀನು ಬೇಗ ಮುರಿಯುತ್ತದೆ, ಅದರ ದುರಸ್ತಿ ದುಬಾರಿ. ಈ ಖರ್ಚಿಗೆ ಯಾವ ಲೆಕ್ಕಪುಸ್ತಕದಲ್ಲೂ ಶೀರ್ಷಿಕೆಯಿಲ್ಲ. ಶೀರ್ಷಿಕೆಯಿಲ್ಲದ ಖರ್ಚನ್ನು ಕಡಿತಗೊಳಿಸುವುದು ಸುಲಭ.

ರೋಗಿಯ ಒಪ್ಪಿಗೆಯ ವಿಷಯದಲ್ಲಿಯೂ ಇಂಥದೇ ಒಂದು ಕೊರತೆಯಿದೆ. ಶಸ್ತ್ರಕ್ರಿಯೆಗೆ ಮುನ್ನ ಅದರ ಸ್ವರೂಪ, ಉದ್ದೇಶ, ಪರ್ಯಾಯಗಳು, ಮುಖ್ಯ ಅಪಾಯಗಳು ಇವನ್ನು ರೋಗಿಗೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಶಸ್ತ್ರಕ್ರಿಯೆ ನಡೆಸುವವರ ಅನುಭವ ಆ ಪಟ್ಟಿಯಲ್ಲಿ ಸೇರಿಲ್ಲ. ಕಲ್ಲಿನ ರೋಗಿಯನ್ನು ಕೊಯ್ಯುವ ಮುನ್ನ ಫಲ ಸಂದಿಗ್ಧವಾದುದರಿಂದ ಒಡೆಯನ ಅನುಮತಿ ಪಡೆಯಬೇಕೆಂದು ಸುಶ್ರುತ ಹೇಳಿದ್ದ. ಪ್ರಜಾಪ್ರಭುತ್ವದಲ್ಲಿ ಆ ಒಡೆಯ ರೋಗಿಯೇ ಅಲ್ಲವೇ?

ನಮ್ಮ ಅಭಿಪ್ರಾಯದಲ್ಲಿ ಆಗಬೇಕಾದುದು ಕೆಲವೇ ಕೆಲಸಗಳು. ಮೂತ್ರಾಂಗ ಶಸ್ತ್ರಚಿಕಿತ್ಸೆಯನ್ನು ಬೋಧಿಸುವ ಪ್ರತಿಯೊಂದು ಸಂಸ್ಥೆಯಲ್ಲಿ ಅಭ್ಯಾಸದ ಕೊಠಡಿ ಕಡ್ಡಾಯವಾಗಬೇಕು. ಕೋಟಿ ರೂಪಾಯಿಯ ಯಂತ್ರವಿಲ್ಲದಿದ್ದರೂ ತರಕಾರಿಯಿಂದಲೇ ಆರಂಭಿಸಬಹುದೆಂದು ಬೆಂಗಳೂರಿನವರು ತೋರಿಸಿದ್ದಾರೆ. ಅಲ್ಲಿ ನಿಗದಿತ ಮಟ್ಟ ಮುಟ್ಟಿದ ಮೇಲೆಯೇ ರೋಗಿಯನ್ನು ಮುಟ್ಟುವ ಅಪ್ಪಣೆ ಸಿಗಬೇಕು. ಸರ್ಕಾರಿ ವಿಮೆಯ ಹಣದಲ್ಲಿ ನಡೆಯುವ ಪ್ರತಿಯೊಂದು ಶಸ್ತ್ರಕ್ರಿಯೆಯ ಫಲಿತಾಂಶವನ್ನೂ, ಅಂದರೆ ಕಲ್ಲು ಪೂರ್ಣ ಹೋಯಿತೇ, ರಕ್ತ ಕೊಡಬೇಕಾಯಿತೇ, ಮತ್ತೆ ಆಸ್ಪತ್ರೆ ಸೇರಬೇಕಾಯಿತೇ ಎಂಬುದನ್ನು ದಾಖಲಿಸಬೇಕು. ಬ್ರಿಟನ್ನಿನ ಮೂತ್ರಾಂಗ ಶಸ್ತ್ರವೈದ್ಯರ ಸಂಘ ಪಿಸಿಎನ್‌ಎಲ್‌ನ ಇಂಥ ದಾಖಲೆಗಳನ್ನು ಕಲೆಹಾಕಿದ ಉದಾಹರಣೆ ಕಣ್ಣಮುಂದಿದೆ. ಕಲಿಸುವ ಆಸ್ಪತ್ರೆಗೆ ಕಲಿಸುವುದಕ್ಕಾಗಿಯೇ ಪ್ರತ್ಯೇಕ ಹಣ ಸಲ್ಲಬೇಕು.

ನಮ್ಮ ಪಾಲಿನ ಕರ್ತವ್ಯವೂ ಇದೆ. ನಮ್ಮ ಸಂಘಸಂಸ್ಥೆಗಳು ನಡೆಸುವ ಉಚಿತ ಆರೋಗ್ಯ ಶಿಬಿರಗಳಲ್ಲಿ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿ ಚೀಟಿ ಕೊಟ್ಟು ಕಳುಹಿಸುವುದರಲ್ಲೇ ಕೆಲಸ ಮುಗಿಯಬಾರದು. ಕಲ್ಲು ಪತ್ತೆಯಾದ ಹೋಟೆಲ್ ಕಾರ್ಮಿಕನಿಗೆ ದಿನಕ್ಕೆ ಎರಡೂವರೆ ಲೀಟರಿನಷ್ಟಾದರೂ ಮೂತ್ರ ಹೋಗುವಂತೆ ನೀರು ಕುಡಿಯಲು ಹೇಳುವುದರ ಜೊತೆಗೆ, ವೈದ್ಯರ ಮುಂದೆ ಕೇಳಬೇಕಾದ ಪ್ರಶ್ನೆಗಳನ್ನೂ ಅವನ ಭಾಷೆಯಲ್ಲಿ ಕಲಿಸಿಕೊಡಬೇಕು. ಈ ಶಸ್ತ್ರಕ್ರಿಯೆಯನ್ನು ನೀವೇ ಮಾಡುತ್ತೀರಾ? ಇದುವರೆಗೆ ಎಷ್ಟು ಮಾಡಿದ್ದೀರಿ? ನನ್ನ ಕಲ್ಲಿಗೆ ಇದಲ್ಲದೆ ಬೇರೆ ದಾರಿಯಿದೆಯೇ? ರಕ್ತಸ್ರಾವವಾದರೆ ಇಲ್ಲಿ ಏನು ವ್ಯವಸ್ಥೆಯಿದೆ? ಕಿರಿಯ ವೈದ್ಯರು ಮಾಡುವುದಾದರೆ ಪಕ್ಕದಲ್ಲಿ ಹಿರಿಯರು ಇರುತ್ತಾರೆಯೇ? ಇವುಗಳಲ್ಲಿ ಅವಮಾನಕರವಾದುದು ಒಂದೂ ಇಲ್ಲ. ಒಳ್ಳೆಯ ವೈದ್ಯ ಇವಕ್ಕೆ ಸಂತೋಷದಿಂದಲೇ ಉತ್ತರಿಸುತ್ತಾನೆ.

ಕಿರಿಯ ವೈದ್ಯರ ಕೈಗೆ ನಾವು ಯಾರೂ ದೇಹವನ್ನೊಪ್ಪಿಸದಿದ್ದರೆ ಮುಂದಿನ ತಲೆಮಾರಿಗೆ ನಿಪುಣರೇ ಇರುವುದಿಲ್ಲ. ಆದ್ದರಿಂದ ಅವರನ್ನು ದೂರವಿಡುವುದು ಪರಿಹಾರವಲ್ಲ. ಅವರು ಕಲಿಯಲಿ, ಆದರೆ ಗುರುವಿನ ಕಣ್ಣೆದುರಿನಲ್ಲಿ ಕಲಿಯಲಿ, ತರಕಾರಿ ಯಂತ್ರಗಳ ಮೇಲೆ ತಪ್ಪುಗಳನ್ನು ಮುಗಿಸಿ ಬಂದು ಕಲಿಯಲಿ, ಯಾರ ಮೇಲೆ ಕಲಿಯುತ್ತಾರೋ ಅವರಿಗೆ ಹೇಳಿ ಕಲಿಯಲ್ಲಿ ಎಂಬುದಷ್ಟೇ ನಮ್ಮ ಆಗ್ರಹ. ಆ ಬೆಲೆಯನ್ನು ಇಡೀ ಸಮಾಜ ಹಂಚಿಕೊಳ್ಳಬೇಕೇ ಹೊರತು ಸಾಮಾನ್ಯ ವಾರ್ಡಿನ ಬಡ ರೋಗಿಯೊಬ್ಬನೇ ತೆರುವಂತಾಗಬಾರದು.